ಗೋಷಾ ಹಿಡಿದ ಮೀನು

ನಾರಾಯಣಪೇಟೆಯ ಲಿಂಗಣ್ಣ ಸಾವಕಾರನ ಮನೆಯ ಮೀನುಗಳು ಶ್ರಾವಣ ಸೋಮವಾರ ಉಪವಾಸ ಇರುತ್ತಿದ್ದವು. ನೀರಿನೊಳಗೇ ಇದ್ದೂ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಸಂಜೆ ಗುಡಿಯ ಗಂಟೆ ಕೇಳಿಸಿದ ಮೇಲೆಯೇ ಬಾಯಿ ತೆರೆಯುತ್ತಿದ್ದವು, ಅದೂ ಜೋಳದ ರೊಟ್ಟಿಯ ಚೂರಿಗೆ, ಅದೂ ಬೆಣ್ಣೆ ಸವರಿದ್ದರೆ ಮಾತ್ರ. ನಂಬದವರು ಕೋಸಗಿಗೋ ಐಜಕ್ಕೋ ಹೋಗಿ ವಿಚಾರಿಸಬಹುದು. ಅಲ್ಲಿಯವರಿಗೂ ಇದೆಲ್ಲ ಚೆನ್ನಾಗಿ ಗೊತ್ತು. ಲಿಂಗಣ್ಣನೇ ಹೋಗಿ ಹೇಳಿ ಬಂದಿದ್ದಾನೆ.

ಲಿಂಗಣ್ಣ ಸೀರೆ ವ್ಯಾಪಾರಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಅವನ ಮನೆಯ ಒಲೆ ಬೆಳ್ಳುಳ್ಳಿಗಿಂತ ಘಾಟಾದ ಪದಾರ್ಥವನ್ನು ಏಳು ತಲೆಮಾರಿನಿಂದ ಕಂಡಿರಲಿಲ್ಲ. ಅಂಥವನಿಗೆ ಮೀನಿನ ಹುಚ್ಚು ಹಿಡಿದದ್ದು ಹೈದರಾಬಾದಿನಲ್ಲಿ. ಸೀರೆ ಗಂಟು ಹೊತ್ತುಕೊಂಡು ಒಬ್ಬ ನವಾಬರ ಅರಮನೆಯಂಥ ದೇವಡಿಗೆ ಹೋಗಿದ್ದ. ಪಹರೆಯವನು ಒಳಗೆ ಬಿಡಲಿಲ್ಲ. ಬಾಗಿಲ ಸಂದಿಯಿಂದ ಕಂಡದ್ದು ಇಷ್ಟೇ: ಒಂದು ಗಾಜಿನ ಹೌಜು, ಅದರ ತಳದಲ್ಲಿ ಮರಳು, ಮರಳಲ್ಲಿ ನೆಟ್ಟ ಹಸಿರು ಗಿಡ, ಗಿಡಗಳ ನಡುವೆ ಬಂಗಾರದ ಬಣ್ಣದ ಮೀನು. ಊರಿಗೆ ಮರಳುವ ರೈಲಿನಲ್ಲಿ ಆ ಸಂದಿ ಅಗಲವಾಗುತ್ತ ಹೋಯಿತು. ವಾಡಿಯಲ್ಲಿ ಗಾಡಿ ಬದಲಿಸುವಾಗ ಲಿಂಗಣ್ಣ ದೇವಡಿಯ ಒಳಗೆ ಹೋಗಿ ಬಂದಿದ್ದ. ಯಾದಗಿರಿ ದಾಟುವಾಗ ನವಾಬರ ಪಕ್ಕದಲ್ಲಿ ಕೂತು ಪಾನ್ ಹಾಕಿಕೊಂಡಿದ್ದ. ನಾರಾಯಣಪೇಟೆ ರೋಡ್ ಸ್ಟೇಶನ್ನಿನಲ್ಲಿ ಇಳಿಯುವ ಹೊತ್ತಿಗೆ ನವಾಬರ ಮೀನುಗಳಿಗೆಲ್ಲ ಅವನೇ ಹಕೀಮನಾಗಿದ್ದ.

ಈ ಹಕೀಮಿಕೆ ಪೇಟೆಯ ಕಟ್ಟೆಯ ಮೇಲೆಯೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅದು ಮಕ್ತಲಕ್ಕೆ ಹೋಯಿತು.

ಮಕ್ತಲದ ತಹಶೀಲ್ದಾರ ಸಾಹೇಬರ ತಾಯಿಯನ್ನು ಊರೆಲ್ಲ ಬಡೀಬಿ ಎಂದು ಕರೆಯುತ್ತಿತ್ತು. ಆಕೆಯ ಬಳಿಯೂ ಒಂದು ಗಾಜಿನ ಹೌಜು, ಅದರಲ್ಲಿ ಮೂರು ಹೊನ್ನಮೀನು ಇದ್ದವು. ಹೀರಾ, ಲಾಲಿ, ನೂರಿ. ಆಕೆಗೆ ಎರಡೂ ಕಣ್ಣಿಗೆ ಪೊರೆ. ಮೀನುಗಳು ಕಾಣುತ್ತಿದ್ದುದು ಕೆಂಪು ಮಬ್ಬಾಗಿ ಮಾತ್ರ. ಬೆರಳನ್ನು ನೀರಿಗಿಟ್ಟು ಕೂತರೆ ಅವು ಬಂದು ಮುಟ್ಟುತ್ತಿದ್ದವು. ಮುಟ್ಟಿದ ರೀತಿಯಿಂದಲೇ ಇದು ಯಾರು ಎಂದು ಹೇಳುತ್ತಿದ್ದಳು. ಆ ಬೇಸಿಗೆಯಲ್ಲಿ ಮಗ ಆಕೆಯನ್ನು ಪೊರೆ ತೆಗೆಸಲು ಹೈದರಾಬಾದಿಗೆ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಮೀನು ಯಾರು ನೋಡಿಕೊಳ್ಳಬೇಕು? ಅದೇ ಹೊತ್ತಿಗೆ ಸೀರೆ ತೋರಿಸಲು ಬಂದಿದ್ದ ಲಿಂಗಣ್ಣ ಎದೆ ಮುಟ್ಟಿಕೊಂಡ.

"ನಾನು ಅದೀನಲ್ರಿ ಅಮ್ಮಾ!"

ಬಡೀಬಿ ಅವನ ದನಿಯ ಕಡೆ ಮುಖ ತಿರುಗಿಸಿದಳು. "ಬಹುತ್ ಮೆಹರ್ಬಾನಿ, ಬೇಟಾ. ವಾಪಸ್ ಬಂದ ಮ್ಯಾಲೆ ಮೊದಲು ಇವರ ಮಾರಿ ನೋಡ್ತೀನಿ. ಇಷ್ಟು ವರ್ಷ ಸಾಕೀನಿ, ಒಬ್ಬರ ಮಾರೀನೂ ನೋಡಿಲ್ಲ. ಒಂದು ಮಾತು ನೆಪ್ಪಿಟ್ಕೊ. ಇವರ ಜೋಡಿ ಬ್ಯಾರೆ ಯಾವ..."

"ಬ್ಯಾರೆ ಏನೂ ಹೇಳೋದು ಬ್ಯಾಡ್ರಿ! ನವಾಬರ ಮೀನಿಗೆ ನಾಡಿ ನೋಡಿದ ಕೈ ಇದು."

"ಮೀನಿಗೆ ನಾಡಿ ಎಲ್ಲಿರ್ತೈತಿ?"

"ಬಾಲದಾಗ್ರಿ," ಎಂದ ಲಿಂಗಣ್ಣ.

ಹೀಗೆ ಬಡೀಬಿಯ ಮಾತು ಅರ್ಧಕ್ಕೆ ನಿಂತಿತು, ಹೌಜು ಎತ್ತಿನ ಬಂಡಿ ಏರಿತು. ಮಕ್ತಲದಿಂದ ನಾರಾಯಣಪೇಟೆಯವರೆಗೆ ದಾರಿಯುದ್ದಕ್ಕೂ ಹಳ್ಳಿಗಳ ಜನ ಹೊಲ ಬಿಟ್ಟು ಓಡಿ ಬಂದು ಕೈಮುಗಿದರಂತೆ. ಬಂಡಿಯಲ್ಲಿದ್ದದ್ದು ಲಿಂಗಣ್ಣ ಒಬ್ಬನೇ ಆದ್ದರಿಂದ ಇದಕ್ಕೆ ಸಾಕ್ಷಿಯೂ ಅವನೊಬ್ಬನೇ.

ಹೆಂಡತಿ ಶೇಖಮ್ಮ ಬಾಗಿಲಲ್ಲೇ ತಡೆದಳು.

"ಏನ್ರಿ ಇದು?"

"ತಹಶೀಲ್ದಾರ ಸಾಹೇಬ್ರ ಮೀನು. ತಿನ್ನಾಕಲ್ಲ, ನೋಡಾಕ."

"ನೋಡಾಕ ಅಂತ ನಿಮಗ ಗೊತ್ತೈತಿ, ನನಗ ಗೊತ್ತೈತಿ. ಓಣಿಗಿ ಯಾರು ಹೇಳವರು?"

"ನಾ ಹೇಳ್ತೀನಿ."

"ನೀವು ಹೇಳಿದ್ರ ತಿನ್ನಾಕ ಅಂತನ ನಂಬ್ತಾರ," ಎಂದು ಶೇಖಮ್ಮ ದಾರಿ ಬಿಟ್ಟಳು. ಆಕೆ ಇಪ್ಪತ್ತು ವರ್ಷದಿಂದ ಅವನ ಹೆಂಡತಿ.

ಹೌಜು ಪಡಸಾಲೆಯಲ್ಲಿ ಕೂತಿತು. ಹೊನ್ನಮೀನುಗಳು ಬಂದ ಎಂಟೇ ದಿನದಲ್ಲಿ ಒಳಗಿದ್ದ ಗಿಡಗಳನ್ನೆಲ್ಲ ಕಿತ್ತು ತಿಂದು ಮರಳನ್ನು ಬೋಳು ಮಾಡಿದವು. ಇದನ್ನು ಕಂಡು ಲಿಂಗಣ್ಣನ ಸಂತೋಷಕ್ಕೆ ಮಿತಿಯಿಲ್ಲ. ಪೇಟೆಯ ನಡುವೆ ನಿಂತು ಸಾರಿದ: "ನೋಡ್ರಿ, ನಮ್ಮ ಮನಿ ನೀರಿನ ಗುಣ! ಬರೇ ಸೊಪ್ಪು ತಿಂತಾವ!" ಉಪವಾಸದ ಕಥೆ ಹುಟ್ಟಿದ್ದೂ ಆ ದಿನವೇ. ಮೀನೆಂದರೆ ಸೊಪ್ಪು ತಿನ್ನುವ ಪ್ರಾಣಿ ಎಂದು ಅವನು ಮನಸ್ಸಿನಲ್ಲಿ ಗುದ್ದಿ ಕೂರಿಸಿಕೊಂಡ. ಇಲ್ಲವೆನ್ನಲು ಮನೆಯಲ್ಲಿ ಮೀನು ಬಲ್ಲವರು ಯಾರೂ ಇರಲಿಲ್ಲ.

ಸೊಪ್ಪು ಬೇಕಾಯಿತು. ಕೆರೆಗೆ ಹೋದ. ಅಲ್ಲಿ ಬಲೆ ಒಣಹಾಕುತ್ತಿದ್ದ ಮೊಗುಲಪ್ಪ ಅವನನ್ನು ಕಂಡು, ಸುತ್ತಮುತ್ತ ನೋಡಿ, ಮೆತ್ತಗೆ ಹತ್ತಿರ ಬಂದ.

"ಎಷ್ಟು ಕೊಡ್ಲಿರಿ ಸಾವಕಾರ್ರೆ? ದೊಡ್ಡುವು ಬೇಕೋ ಸಣ್ಣುವು ಬೇಕೋ?"

"ಥೂ ಥೂ! ನನಗ ನೀರಾಗಿನ ಬಳ್ಳಿ ಬೇಕೋ ಮಾರಾಯ, ಪಾಚಿ ಬಳ್ಳಿ."

"ಹಾಂ, ಹಾಂ, ಬಳ್ಳಿ." ಮೊಗುಲಪ್ಪ ಒಂದು ಕಣ್ಣು ಮುಚ್ಚಿ ತೆರೆದ. "ಬಳ್ಳಿ ಕೆಳಗ ಇಟ್ಟು ಕೊಡ್ತೀನಿ. ಹುಳಿ ಜಾಸ್ತಿ ಹಾಕಾಕ ಹೇಳ್ರಿ, ವಾಸನಿ ಓಣಿಗಿ ಹೋಗಂಗಿಲ್ಲ. ನಾ ಯಾರಿಗೂ ಅನ್ನಂಗಿಲ್ಲ."

ಲಿಂಗಣ್ಣ ಕಿವಿ ಮುಚ್ಚಿಕೊಂಡು, ಬಳ್ಳಿಯನ್ನು ತಾನೇ ಕಿತ್ತು, ಬುಟ್ಟಿಯಲ್ಲಿ ತುಂಬಿಕೊಂಡು ಓಡಿದ. ಅಂದಿನಿಂದ ಒಂದು ತೀರ್ಮಾನ ಮಾಡಿದ: ಮೀನಿನ ವಿಷಯ ಯಾರನ್ನೂ ಕೇಳಬಾರದು. ಕೇಳಿದರೆ ತಿನ್ನುತ್ತಾನೆಂದೇ ಅರ್ಥ.

ಬಳ್ಳಿಯನ್ನು ಹೌಜಿಗೆ ಹಾಕಿದಾಗ ಅದರೊಳಗಿಂದ ಸೂಜಿಯಷ್ಟು ಉದ್ದದ ಒಂದು ಕಪ್ಪು ಮರಿ ಜಾರಿ ಹೊರಬಂತು. ಶೇಖಮ್ಮ ತೆಗೆದು ಬಿಸಾಕಿರಿ ಎಂದಳು. ಲಿಂಗಣ್ಣ ತಲೆಯಾಡಿಸಿದ.

"ಏನು ತಿಳೀತೈತಿ ನಿನಗ! ಮೂರು ಬಂಗಾರದಂಥ ಮಕ್ಕಳು. ಓಣಿ ಜನ ಎಲ್ಲ ಬಂದು ಕಣ್ಣು ಹಾಕ್ತಾರ. ಇದು ದೃಷ್ಟಿಬೊಟ್ಟು ಇದ್ದಂಗ. ಇರ್ಲಿ."

ಹೀಗೆ ದೃಷ್ಟಿಬೊಟ್ಟು ಹೌಜಿನಲ್ಲಿ ನಿಂತಿತು. ಅದು ರೊಟ್ಟಿ ಮುಟ್ಟಲಿಲ್ಲ, ಸೊಪ್ಪು ಮುಟ್ಟಲಿಲ್ಲ. ಆದರೂ ಬೆಳೆಯಿತು. ಜ್ಯೇಷ್ಠಕ್ಕೆ ಬೆರಳಷ್ಟಾಯಿತು, ಆಷಾಢಕ್ಕೆ ಗೇಣಾಯಿತು. ಹೇಳುವವರ ಮಾತು ನಂಬುವುದಾದರೆ ಅದರ ನೆರಳೇ ಮಧ್ಯಾಹ್ನ ಪಡಸಾಲೆಯನ್ನು ತಂಪು ಮಾಡುತ್ತಿತ್ತು. ಒಂದು ದಿನ ಹೀರಾ ಕಾಣಲಿಲ್ಲ.

ಕಾಣದ ದಿನವೇ, ಬೆಳೆಯುತ್ತಿರುವ ಕಪ್ಪು ಮೀನಿನ ಸುದ್ದಿ ಕೇಳಿ, ಪಕ್ಕದ ಮನೆಯ ವಿಜಯೀಂದ್ರಾಚಾರ್ಯರು ಬಾಗಿಲಿಗೆ ಬಂದರು. ಮಂತ್ರಾಲಯಕ್ಕೆ ವರ್ಷ ತಪ್ಪದೆ ನಡೆದು ಹೋಗುವವರು. ಶೈವರ ಪಡಸಾಲೆಗೆ ಕಾಲಿಟ್ಟದ್ದು ಅದೇ ಮೊದಲು. ನೀರಿನ ಮುಂದೆ ನಿಂತು ಸ್ತೋತ್ರ ಶುರು ಮಾಡಿದರು. ಕಪ್ಪು ಮೀನು ಮೇಲೆದ್ದು ಬಾಯಿ ತೆರೆದು ಗಾಳಿ ನುಂಗಿ ಕೆಳಗಿಳಿಯಿತು. ಮತ್ತೊಂದು ಶ್ಲೋಕ, ಮತ್ತೊಮ್ಮೆ ಎದ್ದಿತು.

"ಲಿಂಗಣ್ಣ! ಇದು ಯಾವಾಗಿಂದ ಹಿಂಗ ಮಾಡ್ಲಿಕತ್ತದ?"

"ಹುಟ್ಟಿದಾಗಿಂದ್ರಿ," ಎಂದ ಲಿಂಗಣ್ಣ. ಅದು ಕೊರಮೀನಿನ ಮರಿ, ಗಾಳಿಗೆ ಮೇಲೆ ಬರದಿದ್ದರೆ ಸಾಯುತ್ತದೆ ಎಂಬುದು ಅವನಿಗೂ ಗೊತ್ತಿಲ್ಲ, ಆಚಾರ್ಯರಿಗೂ ಗೊತ್ತಿಲ್ಲ.

"ಮತ್ತ ದಿನಾ ದಿನಾ ಬೆಳೀಲಿಕತ್ತದ ಅಂತೀಯಲ್ಲ? ಮನುವಿನ ಕೈಯಾಗಿನ ಮೀನೂ ಹಿಂಗ ಬೆಳೀತು. ಕಮಂಡಲ ಸಾಲಲಿಲ್ಲ, ಕೊಡ ಸಾಲಲಿಲ್ಲ, ಕೆರಿ ಸಾಲಲಿಲ್ಲ. ಎಂಥಾ ಪುಣ್ಯ ಮಾಡೀಯೋ! ಮತ್ಸ್ಯಾವತಾರ ಬಂದು ಶೈವರ ಮನ್ಯಾಗ ಕೂತದ!"

ಲಿಂಗಣ್ಣನ ಹೆಗಲು ಎರಡು ಬೆರಳು ಅಗಲವಾಯಿತು. ಆಚಾರ್ಯರು ಆ ನೀರನ್ನು ಉದ್ಧರಣೆಯಲ್ಲಿ ತೆಗೆದು ತೀರ್ಥ ಎಂದು ಕುಡಿದರು. ಆಮೇಲೆ ಕೇಳಿದರು: "ಕೆಂಪು ಮೀನು ಮೂರು ಇದ್ದವಲ್ಲ? ಎರಡ ಕಾಣಸ್ತಾವ."

ಇಂಥ ಹೊತ್ತಿನಲ್ಲಿ ಲಿಂಗಣ್ಣನ ನಾಲಿಗೆ ಎಂದೂ ಅವನನ್ನು ಕೇಳಿ ಹೊರಡುವುದಿಲ್ಲ. "ಸಾಹೇಬ್ರ ಮನಿ ಮೀನಲ್ಲೇನ್ರಿ? ದೊಡ್ಡದಾದ ಮ್ಯಾಲೆ ಗೋಷಾ ಹಿಡಿತಾವ. ಗಂಡಸರ ಮುಂದ ಹೊರಗ ಬರಂಗಿಲ್ಲ. ಬಳ್ಳಿ ಹಿಂದ ಪರದಾ ಮಾಡ್ಕೊಂಡು ಕುಂತಾಳ."

ಈ ಮಾತು ಊರನ್ನು ಸುತ್ತಿತು. ಮರುದಿನ ಓಣಿಯ ಗಂಡಸರೆಲ್ಲ ಹೊರಗೇ ನಿಂತು ಹೆಂಗಸರನ್ನು ಒಳಗೆ ಕಳಿಸಿದರು. ಹೆಂಗಸರಿಗೂ ಹೀರಾ ಕಾಣಲಿಲ್ಲ. ಬಹಳ ಮಾನಸ್ಥೆ ಎಂದುಕೊಂಡು ಹೋದರು.

ಲಾಲಿಯ ಬಾಲವನ್ನು ಕಂಡವನು ಲಿಂಗಣ್ಣ ಒಬ್ಬನೇ. ಬೆಳಗಿನ ಪೂಜೆ ಮುಗಿಸಿ ಬಂದಾಗ ದೃಷ್ಟಿಬೊಟ್ಟು ಬಳ್ಳಿಯ ಪಕ್ಕ ಸುಮ್ಮನೆ ನಿಂತಿತ್ತು. ಅದರ ಬಾಯಿಂದ ಕೆಂಪು ಬಾಲದ ತುದಿ ಹೊರಗಿತ್ತು. ಇವನು ನೋಡುತ್ತಿದ್ದಂತೆ ಅದೂ ಒಳಗೆ ಹೋಯಿತು. ಅಷ್ಟರಲ್ಲಿ ಆಚಾರ್ಯರು ತೆಂಗಿನಕಾಯಿ ಹಿಡಿದು ಬಂದರು, ಹಿಂದೆ ಹತ್ತು ಜನ.

"ಇನ್ನೊಂದೂ ಗೋಷಾ ಹಿಡೀತೇನು?"

"ಹೂನ್ರಿ," ಎಂದ ಲಿಂಗಣ್ಣ. ಆ ದಿನ ಅವನ ದನಿ ಆಚಾರ್ಯರಿಗೆ ಭಕ್ತಿಯಿಂದ ಗದ್ಗದವಾದಂತೆ ಕೇಳಿಸಿತು.

ಗದ್ವಾಲದಿಂದ ಶೇಖಮ್ಮನ ಅಕ್ಕ ಗುರಮ್ಮ ಅವತಾರ ನೋಡಲೆಂದೇ ಬಂದಿಳಿದಳು. ಗದ್ವಾಲದ ಸೀರೆ ಉಟ್ಟಿದ್ದಳು, ಅದನ್ನು ಇಳಿಯುವ ಮುಂಚೆಯೇ ಹೇಳಿದಳು. "ಮೀನು ಆಮ್ಯಾಲೆ ನೋಡ್ತೀನಿ. ನಿಮ್ಮ ಕಡಿ ಸೀರಿ ಇನ್ನಾ ಬಣ್ಣ ಬಿಡತೈತೇನು, ಲಿಂಗಣ್ಣಾ?"

"ನಮ್ಮ ಬಣ್ಣ ಸಮುದ್ರದಾಗ ಅದ್ದಿದ್ರೂ ಬಿಡಂಗಿಲ್ಲ," ಎಂದ ಲಿಂಗಣ್ಣ. ಇದು ಅವನು ಆ ವಾರ ಆಡಿದ ದೊಡ್ಡ ಸುಳ್ಳೇನೂ ಅಲ್ಲ.

ಶ್ರಾವಣದ ಮೊದಲ ಸೋಮವಾರ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಜೆಗೆ ನೂರಿಯೂ ಗೋಷಾ ಹಿಡಿದಿತ್ತು.

ಅದೇ ವಾರ ಮಕ್ತಲದಿಂದ ಜವಾನ ಸುದ್ದಿ ತಂದ: ಬಡೀಬಿ ವಾಪಸ್ ಬಂದಿದ್ದಾಳೆ, ಕಣ್ಣು ಬಂದಿದೆ, ಮೀನು ಕಳಿಸುವ ತನಕ ಕಾಯಲಾರಳಂತೆ, ನಾಳೆ ತಾನೇ ಬರುತ್ತಾಳೆ.

ಲಿಂಗಣ್ಣ ಅನ್ನದ ತಟ್ಟೆ ಬಿಟ್ಟೆದ್ದ. ಕೆರೆಗೆ ಹೋಗಿ ಬಂದ, ಬಣ್ಣ ಹಾಕುವವರ ಓಣಿಗೆ ಹೋಗಿ ಬಂದ, ಹಿತ್ತಿಲಲ್ಲಿ ಕದ ಹಾಕಿಕೊಂಡ. ಹೊರಬಂದಾಗ ಅವನ ಮೊಳಕೈ ತನಕ ಸೀರೆಯ ಸೆರಗಿನ ಕೆಂಪು ಇತ್ತು. ಹೌಜಿನಲ್ಲಿ ಮೂರು ಪುಟ್ಟ ಕೆರೆ ಮೀನು ಕುಂಕುಮದ ಬಣ್ಣದಲ್ಲಿ ಗಾಬರಿಯಿಂದ ಸುತ್ತುತ್ತಿದ್ದವು.

"ಏನ್ ಮಾಡೀರಿ?" ಎಂದಳು ಶೇಖಮ್ಮ.

"ಗೋಷಾ ಬಿಡಿಸೀನಿ," ಎಂದ.

ಮರುದಿನ ಪರದೆ ಕಟ್ಟಿದ ಬಂಡಿ ಬಾಗಿಲಿಗೆ ಬಂತು. ತಹಶೀಲ್ದಾರ ಸಾಹೇಬರು ಕೈಹಿಡಿದು ಇಳಿಸಿದರು. ಬಡೀಬಿಯ ಮೂಗಿನ ಮೇಲೆ ಸೋಡಾ ಶೀಷೆಯ ತಳದಷ್ಟು ದಪ್ಪ ಗಾಜಿನ ಕನ್ನಡಕ. ದಾರಿಯಲ್ಲಿ ಕಂಡ ಎಮ್ಮೆ, ಬೇಲಿ, ಬೀದಿಯ ಕಲ್ಲು, ಎಲ್ಲವನ್ನೂ ತಡೆದು ನಿಂತು ನೋಡಿ ಬಂದ ಸಂಭ್ರಮ ಮುಖದ ಮೇಲಿತ್ತು. ಓಣಿಯೆಲ್ಲ ಕಿಟಕಿಗೆ ಮೂಗು ಒತ್ತಿತ್ತು. ಒಳಗೆ ಆಚಾರ್ಯರು, ಬಾಗಿಲ ಮರೆಯಲ್ಲಿ ಶೇಖಮ್ಮ ಮತ್ತು ಗುರಮ್ಮ.

ರಾತ್ರಿಯೊಳಗೆ ನೀರು ಕೆಂಪಾಗಿತ್ತು. ಒಳಗೆ ಏನಿದೆಯೋ ಕಾಣುತ್ತಿರಲಿಲ್ಲ.

"ಎಲ್ಲದಾರ ನನ್ನ ಬಚ್ಚೇ?"

"ಗೋಷಾದಾಗ ಅದಾವ್ರಿ ಅಮ್ಮಾ," ಎಂದ ಲಿಂಗಣ್ಣ. "ಗಂಡಸರಿದ್ರ ಹೊರಗ ಬರಂಗಿಲ್ಲ."

"ಅರೇ! ನಾನೇ ಪರದಾ ಸರಿಸಿ ನಿನ್ನ ಮನಿಗಿ ಬಂದೀನಿ. ನನ್ನ ಮೀನು ನನಗಿಂತಾ ದೊಡ್ಡ ಖಾನ್ದಾನೇನು?"

ಸಾಹೇಬರು ಬಗ್ಗಿ ನೋಡಿದರು. "ಪಾನಿ ಲಾಲ್ ಕ್ಯೂಂ ಹೈ? ನೀರು ಯಾಕ ಕೆಂಪಾಗೈತಿ?"

"ನಾಚಿಗಿರಿ ಸಾಹೇಬ್ರೆ. ಮೀನು ಭಾಳ ನಾಚಿದ್ರ ನೀರು ಕೆಂಪಾಗ್ತೈತಿ."

"ಎಲ್ಲಿ ನಾಚಿಗಿ!" ಬಾಗಿಲ ಮರೆಯಿಂದ ಗುರಮ್ಮನ ದನಿ ಓಣಿಯ ತನಕ ಹೋಯಿತು. "ನಾರಾಯಣಪೇಟಿ ಬಣ್ಣ ಅದು! ನೀರಿಗಿ ಬಿದ್ರ ನಿಲ್ಲಂಗಿಲ್ಲಂತ ನಾ ಎಂದಿನಿಂದ ಬಡ್ಕೊಂಡೀನಿ!"

ಆಗ ಕೆಂಪು ನೀರನ್ನು ಸೀಳಿಕೊಂಡು ದೃಷ್ಟಿಬೊಟ್ಟು ಮೇಲೆದ್ದಿತು. ಅರ್ಧ ಬಣ್ಣ ಬಿಟ್ಟ ಒಂದು ಪುಟ್ಟ ಮೀನು ಅದರ ಬಾಯಿಗೆ ಅಡ್ಡ ಸಿಕ್ಕಿತ್ತು. ಎಲ್ಲರ ಕಣ್ಣೆದುರಿಗೇ ನುಂಗಿ, ಒಂದು ಗುಟುಕು ಗಾಳಿ ತೆಗೆದುಕೊಂಡು ಕೆಳಗಿಳಿಯಿತು.

ಆಚಾರ್ಯರು ಮುಗಿದ ಕೈ ಮುಗಿದಂತೆಯೇ ನಿಂತರು.

"ಅರೇ, ಇದು ಮರಲ್!" ಎಂದರು ಸಾಹೇಬರು. "ಕೊರಮೀನು! ಇದನ್ನ ಯಾರು ಬಿಟ್ರು? ಜೋಡಿ ಇದ್ದ ಮೀನೆಲ್ಲ ತಿಂದು ಹಾಕ್ತೈತಲ್ಲ!"

"ತಿಂತದ?" ಆಚಾರ್ಯರ ದನಿ ಒಡೆಯಿತು. "ಲಿಂಗಣ್ಣ, ರೊಟ್ಟಿ ತಿಂತದ ಅಂದಿದ್ಯಲ್ಲೋ! ನಾ ದಿನಾ ಆ ನೀರು ತೀರ್ಥ ತಗೊಂಡೀನಲ್ಲೋ!"

ಶೇಖಮ್ಮ ಈಗ ಬಾಗಿಲ ಮರೆ ಬಿಟ್ಟು ಬಂದಳು. "ರೊಟ್ಟಿ ಎಲ್ಲಾ ಮರಳಾಗ ಕೊಳ್ತು ಬಿದ್ದೈತಿ. ಕೆಂಪು ಮೀನೂ ಹೋಗಿ ನಾಕು ದಿನ ಆತು. ಇಷ್ಟು ದಿನ ಇದು ಏನು ತಿಂತಿತ್ತು?"

ಲಿಂಗಣ್ಣ ನೆಲ ನೋಡಿದ. "ಮೊಗುಲಪ್ಪನ ಕಡಿಂದ... ಸಣ್ಣ ಮೀನು ತರ್ತಿದ್ದೆ."

"ಯಾವುದ್ರಾಗ?"

ಲಿಂಗಣ್ಣ ತನ್ನ ಕೆಂಪು ಮೊಳಕೈ ಉಜ್ಜಿಕೊಂಡ.

"ಯಾವುದ್ರಾಗ ತರ್ತಿದ್ರಿ ಅಂತ ಕೇಳಿದೆ."

"ನಿಮ್ಮಪ್ಪ ಕೊಟ್ಟ ಪೂಜಿ ತಂಬಿಗ್ಯಾಗ."

ಕಿಟಕಿಯಲ್ಲಿದ್ದ ಓಣಿ ಗೊಳ್ಳೆಂದು ನಕ್ಕಿತು. ಆ ನಗು ಕೃಷ್ಣೆಯನ್ನು ದಾಟಿ ರಾಯಚೂರಿನ ಕೋಟೆಗೆ ಬಡಿದು ತಿರುಗಿ ಬಂತು. ಶೇಖಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ದೇವರ ಮನೆಗೆ ಓಡಿದಳು. ಆಚಾರ್ಯರು ಬಾಯಿ ತೊಳೆಯಲು ಬಾವಿಗೆ ಓಡಿದರು. ಸಾಹೇಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಲಿಂಗಣ್ಣನೂ ಹಲ್ಲು ಕಿರಿಯಲು ನೋಡಿದ. ಇಷ್ಟು ನಗುವಿನಲ್ಲಿ ತೇಲಿಕೊಂಡು ಅವನು ದಡ ಸೇರಿಬಿಡಬಹುದಿತ್ತು.

ಬಡೀಬಿ ಮಾತ್ರ ನಗಲಿಲ್ಲ. ಆಕೆ ಹೌಜಿನ ಪಕ್ಕ ಕೂತು, ಬೆರಳನ್ನು ಕೆಂಪು ನೀರಿಗಿಟ್ಟುಕೊಂಡಿದ್ದಳು. ಅಭ್ಯಾಸಬಲದಿಂದ ಕಣ್ಣು ಮುಚ್ಚಿದ್ದಳು. ಬಹಳ ಹೊತ್ತು ಹಾಗೇ ಕೂತಳು. ಏನೂ ಬಂದು ಮುಟ್ಟಲಿಲ್ಲ. ಒಬ್ಬೊಬ್ಬರಾಗಿ ಜನ ನಗು ನಿಲ್ಲಿಸಿದರು.

"ಮೂವರೂ?" ಎಂದಳು.

"ಮೂವರೂ ಅಮ್ಮಾ." ಲಿಂಗಣ್ಣ ಆಕೆಯ ಎದುರು ನೆಲದ ಮೇಲೆ ಕೂತ. "ನಾ ಯಾವ ದೇವಡಿಗೂ ಹೋಗಿಲ್ರಿ. ಬಾಗಿಲ ಸಂದ್ಯಾಗ ನೋಡಿದಾಂವ. ಮೀನು ಮೀನು ತಿಂತಾವಂತ ನನಗ ಗೊತ್ತಿದ್ದಿಲ್ಲ. ಕೇಳಿದ್ರ ಓಣಿ ಏನಂತೈತೋ ಅಂತ ಕೇಳಲಿಲ್ಲ. ಹೀರಾ ಹೋದದ್ದು ತಿಳೀಲಿಲ್ಲ. ಲಾಲಿ ಹೋದದ್ದು ಕಣ್ಣಾರೆ ಕಂಡೆ."

"ಮತ್ತ ನೂರಿ?"

ಸಾಹೇಬರು ಕನ್ನಡಿ ನೋಡುವವರಂತೆ ಗಾಜನ್ನು ನೋಡುತ್ತ ನಿಂತರು.

"ನೂರಿನ್ನ ಉಳಸಬಹುದಿತ್ತುರಿ," ಎಂದ ಲಿಂಗಣ್ಣ. "ಸೋಮವಾರ ಕೊಡ ತುಂಬಿಸಿ ಇಟ್ಟಿದ್ದೆ, ಕೈಯಾಗ ಜರಡಿ ಹಿಡ್ದಿದ್ದೆ. ಪಡಸಾಲಿ ತುಂಬಾ ಜನ. ಆಚಾರ್ರು ಮಂಗಳಾರತಿ ಮಾಡಾಕ ಹತ್ತಿದ್ರು. ಇಷ್ಟು ದಿನ ಅವತಾರ ಅಂದು, ಈಗ ಅದನ್ನ ಜರಡಿಲೆ ಎತ್ತಿ ಒಗದ್ರ ನನ್ನ ಮಾನ ಏನಾಗ್ತೈತಿ ಅಂತ... ಜರಡಿ ಬೆನ್ನ ಹಿಂದ ಮುಚ್ಚಿಟ್ಕೊಂಡೆ. ನೂರಿ ಗಾಜಿನ ಹತ್ತಿರನ ಬಂದಿತ್ತು. ಎಲ್ಲಾರೂ ನನಗ ಶರಣು ಮಾಡಾಕ ಹತ್ತಿದ್ರು."

ಬಡೀಬಿ ಬೆರಳನ್ನು ನೀರಿನಿಂದ ತೆಗೆದಳು. ತುದಿ ಕೆಂಪಾಗಿತ್ತು. ಕನ್ನಡಕದ ಗಾಜನ್ನು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ಅವನ ಮುಖ ನೋಡಿದಳು. ಆ ಮುಖವನ್ನೂ ಆಕೆ ನೋಡಿದ್ದು ಅಂದೇ ಮೊದಲು.

"ಹತ್ತಿರ ಬಂದಿತ್ತಲ್ಲ. ನಿನಗ ಕಣ್ಣಿದ್ವು. ಹೇಳು ಬೇಟಾ, ನನ್ನ ನೂರಿ ಮಾರಿ ಹೆಂಗಿತ್ತು?"

ಕಾಲಿಡದ ದೇವಡಿಯ ಒಳಕೋಣೆಗಳನ್ನು ಒಂದೊಂದಾಗಿ ಬಣ್ಣಿಸಿದ್ದ ಬಾಯಿ ಅದು. ನೂರಿಯ ಕಣ್ಣು, ಮೂಗು, ಕೆನ್ನೆಯ ಹೊಳಪು ಎಲ್ಲವನ್ನೂ ಕಟ್ಟಿ ಕೊಡಬಹುದಿತ್ತು. ಮುದುಕಿ ಅದನ್ನೇ ಇಟ್ಟುಕೊಂಡು ಸಮಾಧಾನದಿಂದ ಮಕ್ತಲಕ್ಕೆ ಹೋಗುತ್ತಿದ್ದಳು. ಲಿಂಗಣ್ಣನ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ನಾ ನೋಡಿಲ್ಲರಿ ಅಮ್ಮಾ," ಎಂದ. "ಜನ ನನ್ನ ನೋಡೋದನ್ನ ನೋಡ್ಕೋತ ನಿಂತಿದ್ದೆ."